ಫೈಲಿಗೆ ಹೆಸರಿಲ್ಲ, ದಾರಿಯಿದೆ

ಮೊಬೈಲಿನ ಗ್ಯಾಲರಿಯಲ್ಲಿ ಒಂದು ಫೋಟೊ ಮುಟ್ಟುತ್ತೀರಿ. ರೆಪ್ಪೆ ಬಡಿಯುವಷ್ಟರಲ್ಲಿ ಅದು ಪರದೆಯ ತುಂಬ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಾಗಿದ್ದರೆ ಆ ಫೋಟೊದ ಪೂರ್ತಿ ವಿಳಾಸ ಹೆಚ್ಚೂಕಡಿಮೆ ಹೀಗಿರುತ್ತದೆ: /ಸ್ಟೋರೇಜ್/ಎಮ್ಯುಲೇಟೆಡ್/0/ಡಿಸಿಐಎಂ/ಕ್ಯಾಮೆರಾ, ಕೊನೆಯಲ್ಲಿ ಫೋಟೊದ ಹೆಸರು. ಫೋನಿನ ಒಡಲಲ್ಲಿ ಕೂತು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ಗೆ ಈ ಉದ್ದನೆಯ ಸಾಲು ಇಡಿಯಾಗಿ ಏನನ್ನೂ ಹೇಳುವುದಿಲ್ಲ. ಅದು ಓರೆಗೆರೆ ಬಂದಲ್ಲೆಲ್ಲ ಸಾಲನ್ನು ತುಂಡರಿಸುತ್ತದೆ. ಇಲ್ಲಿ ಆರು ತುಂಡುಗಳು. ಒಂದೊಂದನ್ನೂ ಹಿಡಿದು, ಇದರೊಳಗೆ ಕಾಲಿಡಲು ಕೇಳುತ್ತಿರುವವರಿಗೆ ಅನುಮತಿ ಇದೆಯೇ, ಈ ಹೆಸರಿನದು ಇಲ್ಲಿ ಇದೆಯೇ, ಇದ್ದರೆ ಅದು ಅಸಲಿಯೇ ಅಥವಾ ಬೇರೆಡೆಗೆ ಕೈ ತೋರಿಸುವ ಕೊಂಡಿಯೇ, ಈ ಜಾಗಕ್ಕೆ ಮತ್ತೊಂದು ಡಿಸ್ಕ್ ಜೋಡಿಸಿದ್ದಾರೆಯೇ ಎಂದು ವಿಚಾರಿಸುತ್ತಾ ಮುಂದೆ ಹೋಗುತ್ತದೆ. ಆರನೇ ತುಂಡು ದಾಟಿದ ಮೇಲಷ್ಟೇ ಫೋಟೊದ ಮೊದಲ ಬೈಟ್ ಓದುವ ಮಾತು.

ಫೋನು, ಲ್ಯಾಪ್‌ಟಾಪ್, ಬ್ಯಾಂಕಿನ ಸರ್ವರ್, ಎಲ್ಲೆಡೆಯೂ ಈ ನಡಿಗೆ ಬಿಡುವಿಲ್ಲದೆ ಸಾಗಿರುತ್ತದೆ. ಒಂದು ಸಣ್ಣ ಪ್ರೋಗ್ರಾಂ ಶುರುವಾಗಬೇಕಾದರೂ ಹತ್ತಾರು ಸಲ ನಡೆಯಬೇಕು. ಹಾಗಾಗಿ ಮೂವತ್ತು ವರ್ಷಗಳಿಂದ ಜಗತ್ತಿನ ಅತ್ಯಂತ ನುರಿತ ಪ್ರೋಗ್ರಾಮರ್‌ಗಳು ಇದೇ ಕೆಲಸದ ಮೇಲೆ ಕಣ್ಣಿಟ್ಟು, ಒಂದೊಂದು ನ್ಯಾನೊಸೆಕೆಂಡನ್ನೂ ಉಳಿಸುತ್ತಾ ಬಂದಿದ್ದಾರೆ. ಕರ್ನಲ್‌ನ ಇಡೀ ಕಟ್ಟಡದಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಭಾಗ ಇದು.

ಮೊದಲು ತಿಳಿಯಬೇಕಾದ್ದು, ಫೈಲಿನ ಹೆಸರು ಫೈಲಿನೊಳಗೆ ಇರುವುದಿಲ್ಲ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಇರುತ್ತದೆ. ಮಾಲೀಕರು ಯಾರು, ಗಾತ್ರ ಎಷ್ಟು, ಯಾರು ಓದಬಹುದು, ಯಾರು ಬರೆಯಬಹುದು, ಕೊನೆಯ ಸಲ ಬದಲಾದದ್ದು ಯಾವಾಗ, ಮಾಹಿತಿ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಹೆಸರು ಮಾತ್ರ ಇರುವುದಿಲ್ಲ. ನಮ್ಮ ಜಮೀನಿನ ಪಹಣಿಯೂ ಹೀಗೆಯೇ. ಊರಿನವರು ಒಂದು ಹೊಲವನ್ನು ಹುಣಸೆಮರದ ಹೊಲ ಎನ್ನುತ್ತಾರೆ, ಪಕ್ಕದವರು ಕೆರೆಕೆಳಗಿನದು ಎನ್ನುತ್ತಾರೆ. ಪಹಣಿಗೆ ಎರಡೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸರ್ವೆ ನಂಬರ್, ಖಾತೆದಾರರು, ವಿಸ್ತೀರ್ಣ. ಹೆಸರಿನಿಂದ ನಂಬರಿಗೆ ದಾರಿ ತೋರಿಸುವುದು ಡೈರೆಕ್ಟರಿಯ ಕೆಲಸ. ನಾವು ಫೋಲ್ಡರ್ ಎಂದು ಕರೆಯುವ ಡೈರೆಕ್ಟರಿ ನಿಜದಲ್ಲಿ ಹೆಸರು ಮತ್ತು ಐನೋಡ್ ಸಂಖ್ಯೆಗಳ ಜೋಡಿಗಳ ಪಟ್ಟಿ. ಒಂದೇ ಐನೋಡ್ ಎರಡು ಪಟ್ಟಿಗಳಲ್ಲಿ ಎರಡು ಹೆಸರಿನಿಂದ ಕಾಣಿಸಿಕೊಳ್ಳಬಹುದು. ಅದರಲ್ಲಿ ಇದು ಮೂಲ, ಅದು ನಕಲು ಎಂಬ ಭೇದವಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಪುಟ್ಟ ಯಂತ್ರಕ್ಕಾಗಿ ಬರೆದ ಮೊದಲ ಯುನಿಕ್ಸ್‌ನಲ್ಲಿ ಐನೋಡ್ ಇತ್ತು, ಡೈರೆಕ್ಟರಿ ಇತ್ತು. ಆದರೆ ಓರೆಗೆರೆ ಹಾಕಿ ಬರೆಯುವ ವಿಳಾಸ ಇರಲಿಲ್ಲ. ನೀವು ನಿಂತಿರುವ ಡೈರೆಕ್ಟರಿಯೊಳಗಿನ ಒಂದು ಹೆಸರನ್ನಷ್ಟೇ ಕೇಳಬಹುದಿತ್ತು. ಉದ್ದನೆಯ ವಿಳಾಸ ಬಂದದ್ದು ಪಿಡಿಪಿ-11ಕ್ಕೆ ಹೋದ ಮೇಲೆ. ವಿಳಾಸ ಬಿಡಿಸುವ ಕರ್ನಲ್ ಭಾಗಕ್ಕೆ ಅವರು ‘ನೇಮ್‌ಐ’ ಎಂದು ಹೆಸರಿಟ್ಟರು, ಅಂದರೆ ಹೆಸರು ಕೊಟ್ಟರೆ ಐನೋಡ್ ತಂದುಕೊಡುವುದು. ಇಂದಿನ ಲಿನಕ್ಸ್‌ನಲ್ಲೂ ಆ ಕೆಲಸ ಮಾಡುವ ಸೋರ್ಸ್ ಫೈಲಿನ ಹೆಸರು ಅದೇ. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದು ನಮೂದು 16 ಬೈಟ್: 2 ಬೈಟ್ ಐನೋಡ್ ಸಂಖ್ಯೆಗೆ, 14 ಬೈಟ್ ಹೆಸರಿಗೆ. ಈಗ ನಾವು ಕನ್ನಡ ಬರೆಯುವ ಯುಟಿಎಫ್-8 ಲೆಕ್ಕದಲ್ಲಿ ಆ ಹದಿನಾಲ್ಕು ಬೈಟಿನಲ್ಲಿ ‘ಬೆಂಗಳೂರು’ ಕೂಡ ಹಿಡಿಸುವುದಿಲ್ಲ. ಅದಕ್ಕೆ 24 ಬೈಟ್ ಬೇಕು.

ಒಂದೇ ಯಂತ್ರ, ಒಂದೇ ಬಗೆಯ ಡಿಸ್ಕ್ ಇದ್ದಷ್ಟು ದಿನ ಇದು ಸಾಕಾಗಿತ್ತು. 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಎನ್‌ಎಫ್‌ಎಸ್ ತಂದು, ನೆಟ್‌ವರ್ಕ್‌ನ ಆಚೆ ತುದಿಯ ಯಂತ್ರದಲ್ಲಿರುವ ಫೈಲನ್ನೂ ನಮ್ಮದೇ ಡಿಸ್ಕಿನಲ್ಲಿರುವಂತೆ ಬಳಸಲು ಹೊರಟಿತು. ಆಗ ಕರ್ನಲ್‌ಗೆ ಎರಡು ನಾಲಿಗೆ ಬೇಕಾಯಿತು. ಅವರು ಕಂಡುಕೊಂಡ ಪರಿಹಾರ ಸರಳವೂ ಗಟ್ಟಿಯೂ ಆಗಿತ್ತು: ಮೇಲೆ ಎಲ್ಲ ಫೈಲ್ ವ್ಯವಸ್ಥೆಗಳಿಗೂ ಸಮಾನವಾದ ಒಂದು ಪದರ, ಕೆಳಗೆ ಬೇಕಾದಷ್ಟು ಬಗೆಯ ನಿಜವಾದ ವ್ಯವಸ್ಥೆಗಳು. ಆ ಕಂಪನಿಯ ಸ್ಟೀವ್ ಕ್ಲೈಮನ್ 1986ರಲ್ಲಿ ಈ ವಿನ್ಯಾಸವನ್ನು ವಿವರಿಸಿ ಪ್ರಬಂಧ ಬರೆದರು. ವರ್ಚುವಲ್ ಫೈಲ್ ಸಿಸ್ಟಮ್, ಚಿಕ್ಕದಾಗಿ ವಿಎಫ್‌ಎಸ್, ನೆಲೆಯೂರಿದ್ದು ಹೀಗೆ. ಲಿನಕ್ಸ್‌ಗೆ ಇದರ ಅಗತ್ಯ ಬೇಗನೆ ಕಂಡಿತು. ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಎಂಬ ಹಿಂದಿನ ವ್ಯವಸ್ಥೆಯಿಂದ ಪಡೆದ ಫೈಲ್ ವ್ಯವಸ್ಥೆಗೆ 64 ಎಂಬಿಯ ಮಿತಿ, ಹೆಸರಿಗೆ 14 ಅಕ್ಷರಗಳ ಮಿತಿ. ಹೊಸ ವ್ಯವಸ್ಥೆ ಸೇರಿಸಲು ಅನುವಾಗಲೆಂದು ಕ್ರಿಸ್ ಪ್ರೊವೆನ್ಜಾನೊ ಒಂದು ವಿಎಫ್‌ಎಸ್ ಪದರ ಬರೆದರು, ಲಿನಸ್ ಅದನ್ನು ತಿದ್ದಿ ಬರೆದು ಸೇರಿಸಿಕೊಂಡರು. ಅದರ ಮೇಲೆ ರೆಮಿ ಕಾರ್ಡ್ 1992ರ ಏಪ್ರಿಲ್‌ನಲ್ಲಿ ಎಕ್ಸ್ಟ್ ಎಂಬ ಫೈಲ್ ವ್ಯವಸ್ಥೆ ಕಟ್ಟಿದರು. ಇಂದಿನ ಎಕ್ಸ್ಟ್4 ಅದರ ವಂಶದ್ದು.

ಈ ಪದರದಿಂದ ಆದ ಲಾಭ ನೋಡಿ. ಡಿಸ್ಕೇ ಇಲ್ಲದ ಫೈಲುಗಳೂ ಇರಬಹುದಾದವು. ಲಿನಕ್ಸ್ ಯಂತ್ರವಿದ್ದರೆ ‘ಪ್ರಾಕ್’ ಡೈರೆಕ್ಟರಿಯೊಳಗಿನ ‘ಸಿಪಿಯುಇನ್ಫೊ’ ಎಂಬ ಫೈಲನ್ನು ಗಮನಿಸಿ. ಪಟ್ಟಿಯಲ್ಲಿ ಅದರ ಗಾತ್ರ 0 ಬೈಟ್ ಎಂದು ತೋರಿಸುತ್ತದೆ. ತೆರೆದರೆ ಪ್ರೊಸೆಸರಿನ ಪುಟಗಟ್ಟಲೆ ವಿವರ ಸುರಿಯುತ್ತದೆ. ಆ ಬರಹ ಎಲ್ಲೂ ಸಂಗ್ರಹವಾಗಿಲ್ಲ, ನೀವು ಓದುವ ಕ್ಷಣದಲ್ಲಿ ಕರ್ನಲ್ ಅದನ್ನು ತಯಾರಿಸಿ ಕೊಡುತ್ತದೆ. ಅದೇ ಡೈರೆಕ್ಟರಿಯ ‘ಸೆಲ್ಫ್’ ಇನ್ನೂ ಸ್ವಾರಸ್ಯದ್ದು: ಕೇಳಿದ ಪ್ರೋಗ್ರಾಂ ಯಾವುದೋ ಅದರದ್ದೇ ಡೈರೆಕ್ಟರಿಗೆ ಕೈ ತೋರಿಸುತ್ತದೆ. ಒಂದೇ ವಿಳಾಸ, ಕೇಳುವವರು ಬದಲಾದಂತೆ ಬೇರೆ ಬೇರೆ ಉತ್ತರ. ವಿಎಫ್‌ಎಸ್‌ಗೆ ಇದ್ಯಾವುದೂ ತೊಡಕಲ್ಲ. ‘ಈ ಡೈರೆಕ್ಟರಿಯಲ್ಲಿ ಈ ಹೆಸರಿನದು ಇದೆಯೇ?’ ಎಂದು ಅದು ಕೇಳುತ್ತದೆ. ಎಕ್ಸ್ಟ್4 ಡಿಸ್ಕ್ ಓದಿ ಉತ್ತರಿಸುತ್ತದೆ, ಎನ್‌ಎಫ್‌ಎಸ್ ದೂರದ ಸರ್ವರನ್ನು ಕೇಳಿ ಉತ್ತರಿಸುತ್ತದೆ, ಪ್ರಾಕ್ ತನ್ನ ತಲೆಯಿಂದಲೇ ಉತ್ತರಿಸುತ್ತದೆ.

ಪ್ರತಿ ಹೆಜ್ಜೆಗೂ ಡಿಸ್ಕ್ ಮುಟ್ಟಿದರೆ ಗತಿಯೇನು? ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತದೆ, ತಲೆ ಸರಿದಾಡುವ ಸಮಯ ಬೇರೆ. ಮೆಮೊರಿಯಿಂದ ಓದಲು ಬೇಕಾದದ್ದು ಸುಮಾರು 100 ನ್ಯಾನೊಸೆಕೆಂಡ್. ಹತ್ತಾರು ಸಾವಿರ ಪಟ್ಟು ಅಂತರ. ಆದ್ದರಿಂದ ಲಿನಕ್ಸ್ ಒಮ್ಮೆ ಕಂಡುಕೊಂಡದ್ದನ್ನು ಮರೆಯದೆ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೆ ಡೆಂಟ್ರಿ ಎಂದು ಹೆಸರು: ತಾಯಿ ಡೈರೆಕ್ಟರಿ ಯಾವುದು, ಹೆಸರೇನು, ಅದು ಯಾವ ಐನೋಡ್‌ಗೆ ಸೇರಿದ್ದು ಎಂಬ ಮೂರನ್ನು ಬೆಸೆದ ಸಣ್ಣ ದಾಖಲೆ. 64 ಬಿಟ್ ಯಂತ್ರದಲ್ಲಿ ಒಂದಕ್ಕೆ ಸಾಮಾನ್ಯವಾಗಿ 192 ಬೈಟ್. ಇಂಥ ಲಕ್ಷಾಂತರ ದಾಖಲೆಗಳ ನಡುವೆ ಬೇಕಾದ್ದನ್ನು ಹೆಕ್ಕುವುದಕ್ಕೆ ಹ್ಯಾಶ್ ಕೋಷ್ಟಕ ಇದೆ. ಹೆಸರಿನ ಬೈಟ್‌ಗಳನ್ನೂ ತಾಯಿ ಡೈರೆಕ್ಟರಿಯ ಗುರುತನ್ನೂ ಕಲಸಿ ಒಂದು ಸಂಖ್ಯೆ ಮಾಡಿ, ಆ ಸಂಖ್ಯೆಯ ಗೂಡಿಗೆ ನೇರ ಕೈಹಾಕುವುದು. 8 ಜಿಬಿ ಮೆಮೊರಿಯ ಯಂತ್ರ ಬೂಟ್ ಆಗುವಾಗ ಡೆಂಟ್ರಿ ಕೋಷ್ಟಕಕ್ಕೆ 10,48,576 ಗೂಡು ಎಂದು ಕರ್ನಲ್ ಬರೆದುಕೊಳ್ಳುವುದನ್ನು ನೋಡಬಹುದು. ಹೆಸರನ್ನು ಒಂದೊಂದೇ ಬೈಟ್ ಓದಿದರೆ ನಿಧಾನವೆಂದು ಎಂಟೆಂಟು ಬೈಟ್ ಒಟ್ಟಿಗೆ ಎತ್ತಿ, ಅದರಲ್ಲಿ ಓರೆಗೆರೆ ಇದೆಯೇ ಎಂದು ಒಂದೇ ಏಟಿಗೆ ಪತ್ತೆ ಮಾಡುವ ಅಂಕಗಣಿತವನ್ನೂ ಇಲ್ಲಿ ಹೆಣೆದಿದ್ದಾರೆ.

‘ಇಲ್ಲ’ ಎಂಬ ಉತ್ತರವನ್ನೂ ಕರ್ನಲ್ ನೆನಪಿಡುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸಿ ಭಾಷೆಯ ಪ್ರೋಗ್ರಾಂ ಕಂಪೈಲ್ ಮಾಡುವಾಗ ಒಂದು ಹೆಡರ್ ಫೈಲಿಗಾಗಿ ಕಂಪೈಲರ್ ನಾಲ್ಕಾರು ಡೈರೆಕ್ಟರಿಗಳಲ್ಲಿ ಸಾಲಾಗಿ ಹುಡುಕುತ್ತದೆ. ಸಿಗುವುದು ಒಂದರಲ್ಲಿ, ಮಿಕ್ಕವುಗಳಲ್ಲಿ ಇಲ್ಲ. ಮುಂದಿನ ಫೈಲಿಗೂ ಅದೇ ಹುಡುಕಾಟ, ಅದೇ ‘ಇಲ್ಲ’. ಪ್ರತಿ ಸಲ ಡಿಸ್ಕ್ ತಡಕಾಡುವ ಬದಲು ಐನೋಡ್ ಇಲ್ಲದ ಖಾಲಿ ಡೆಂಟ್ರಿಯೊಂದನ್ನು ಕರ್ನಲ್ ಇಟ್ಟುಕೊಳ್ಳುತ್ತದೆ. ಇದಕ್ಕೆ ನೆಗೆಟಿವ್ ಡೆಂಟ್ರಿ ಎನ್ನುತ್ತಾರೆ. ಆದರೆ ಇರುವ ಫೈಲುಗಳಿಗೆ ಎಣಿಕೆಯುಂಟು, ಇಲ್ಲದ ಹೆಸರುಗಳಿಗೆ ಕೊನೆಯಿಲ್ಲ. ಎನ್‌ಎಸ್‌ಎಸ್ ಎಂಬ ಭದ್ರತಾ ಲೈಬ್ರರಿ ತನ್ನ ದತ್ತಾಂಶ ಇರುವ ಡಿಸ್ಕ್ ಹತ್ತಿರದ್ದೋ ನೆಟ್‌ವರ್ಕ್‌ನದ್ದೋ ಎಂದು ಅಳೆಯಲು, ಇಲ್ಲದ ಫೈಲ್ ಹೆಸರುಗಳನ್ನು ಸಾಲಾಗಿ ಕೇಳಿ ಎಷ್ಟು ಹೊತ್ತಾಗುತ್ತದೆ ಎಂದು ನೋಡುತ್ತಿತ್ತು. ಆ ಲೈಬ್ರರಿ ಬಳಸಿ ಪದೇ ಪದೇ ಸುರಕ್ಷಿತ ಸಂಪರ್ಕ ತೆರೆಯುತ್ತಿದ್ದ ಸರ್ವರ್‌ಗಳಲ್ಲಿ ನೆಗೆಟಿವ್ ಡೆಂಟ್ರಿಗಳು ರಾಶಿಬಿದ್ದು ಮೆಮೊರಿ ಕರಗತೊಡಗಿತು. ಕಾರಣ ತಿಳಿಯದೆ ಎಷ್ಟೋ ಮಂದಿ ನಿರ್ವಾಹಕರು ತಲೆಕೆಡಿಸಿಕೊಂಡರು.

ಇನ್ನೊಂದು ಕಷ್ಟ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿದ ಮೇಲೆ ಬಂತು. ನಾನು ಒಂದು ಡೆಂಟ್ರಿ ನೋಡುತ್ತಿರುವಾಗಲೇ ಇನ್ನೊಬ್ಬರು ಅದನ್ನು ಅಳಿಸಿಬಿಟ್ಟರೆ? ಹಾಗಾಗದಿರಲು ಹಳೆಯ ಕರ್ನಲ್ ಬೀಗ ಹಾಕುತ್ತಿತ್ತು, ಎಷ್ಟು ಜನ ಬಳಸುತ್ತಿದ್ದಾರೆಂಬ ಎಣಿಕೆಯನ್ನು ಏರಿಸಿ ಇಳಿಸುತ್ತಿತ್ತು. ಎಲ್ಲ ಪೂರ್ತಿ ವಿಳಾಸಗಳೂ ಮೊದಲ ಓರೆಗೆರೆಯಿಂದಲೇ, ಅಂದರೆ ರೂಟ್ ಡೈರೆಕ್ಟರಿಯಿಂದಲೇ ಹೊರಡುತ್ತವಲ್ಲ. ಅರವತ್ತನಾಲ್ಕು ಪ್ರೊಸೆಸರ್‌ಗಳು ಆ ಒಂದೇ ಎಣಿಕೆಗೆ ಮುಗಿಬಿದ್ದರೆ, ಬೇರೆ ಬೇರೆ ಫೈಲು ಬೇಕಾದವರೂ ಒಬ್ಬರಿಗೊಬ್ಬರು ಕಾಯಬೇಕು. ಇದನ್ನು ಬಿಡಿಸುವ ಮೊದಲ ದೊಡ್ಡ ಹೆಜ್ಜೆಯಲ್ಲಿ ಬೆಂಗಳೂರಿನ ಪಾಲಿದೆ. ಐಬಿಎಂನ ಪಾಲ್ ಮೆಕೆನ್ನಿ ಬೆಳೆಸಿದ ಆರ್‌ಸಿಯು ಎಂಬ ತಂತ್ರ 2002ರಲ್ಲಿ ಲಿನಕ್ಸ್ ಸೇರಿತು. ಓದುವವರು ಬೀಗವಿಲ್ಲದೆ ಓದಲಿ. ಅಳಿಸುವವರು ಆಗ ಓದುತ್ತಿದ್ದ ಎಲ್ಲರೂ ಮುಗಿಸುವವರೆಗೆ ಹಳೆಯದನ್ನು ಬಿಸಾಡದಿರಲಿ ಎಂಬುದು ಅದರ ತಿರುಳು. ಅದನ್ನು ಡೆಂಟ್ರಿ ಹುಡುಕಾಟಕ್ಕೆ ಅಳವಡಿಸುವ ಕೆಲಸದಲ್ಲಿ ಮುಂದಿದ್ದವರು ಭಾರತದ ಐಬಿಎಂ ಲಿನಕ್ಸ್ ಕೇಂದ್ರದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ. ಬೆಂಗಳೂರಿನ ಸಾಫ್ಟ್‌ವೇರ್ ಲ್ಯಾಬಿನಿಂದ ಹೊರಟ ಅವರ ಪ್ಯಾಚ್‌ಗಳನ್ನು ಕರ್ನಲ್ ಒಪ್ಪಿಕೊಂಡಿತು. ಮೆಕೆನ್ನಿ ಜೊತೆ ಸೇರಿ ಅವರು ಈ ಕುರಿತು ಬರೆದ ಲೇಖನ 2004ರ ಜನವರಿಯ ಲಿನಕ್ಸ್ ಜರ್ನಲ್‌ನಲ್ಲಿ ಅಚ್ಚಾಯಿತು. ಬೆಂಗಳೂರನ್ನು ಹೊರಗುತ್ತಿಗೆಯ ಊರೆಂದಷ್ಟೇ ಬಣ್ಣಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಳಿದ ದೂರವನ್ನು ನಿಕ್ ಪಿಗ್ಗಿನ್ ಕ್ರಮಿಸಿದರು. 2011ರ ಮಾರ್ಚ್‌ನಲ್ಲಿ ಬಂದ 2.6.38ನೇ ಕರ್ನಲ್‌ನಲ್ಲಿ ಅವರ ಆರ್‌ಸಿಯು ನಡಿಗೆ ಸೇರಿತು. ದಾರಿಯುದ್ದಕ್ಕೂ ಬೀಗವಿಲ್ಲ, ಎಣಿಕೆಯನ್ನೂ ಮುಟ್ಟುವುದಿಲ್ಲ. ಪ್ರತಿ ಡೆಂಟ್ರಿಗೂ ಬದಲಾದಾಗಲೆಲ್ಲ ಏರುವ ಒಂದು ಕ್ರಮಸಂಖ್ಯೆ ಇದೆ. ಹೆಜ್ಜೆ ಇಡುವ ಮುನ್ನ ಅದನ್ನು ಓದಿಕೊಳ್ಳುವುದು, ಇಟ್ಟ ಮೇಲೆ ಮತ್ತೊಮ್ಮೆ ನೋಡುವುದು. ಸಂಖ್ಯೆ ಹಾಗೆಯೇ ಇದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ, ಮುಂದೆ ನಡೆ. ಬದಲಾಗಿದ್ದರೆ ಈವರೆಗೆ ಕಂಡದ್ದನ್ನು ನಂಬುವಂತಿಲ್ಲ. ಎಣಿಕೆ ಹಿಡಿದು ಸಾಗುವ ಹಳೆಯ ನಿಧಾನದ ಕ್ರಮಕ್ಕೆ ಇಳಿ, ಬೇಕಾದರೆ ಮೊದಲಿಂದ ಶುರುಮಾಡು. ಅಪರೂಪಕ್ಕೆ ಬರುವ ತೊಂದರೆಗಾಗಿ ಪ್ರತಿಸಲವೂ ಬೆಲೆ ತೆರಬಾರದೆಂಬ ಈ ಲೆಕ್ಕಾಚಾರ ಎಷ್ಟು ಚೆನ್ನಾಗಿ ಫಲಿಸಿತೆಂದರೆ, ಈಗ ಬಹುಪಾಲು ಹುಡುಕಾಟಗಳು ಬೇರೆ ಪ್ರೊಸೆಸರ್‌ಗಳಿಗೆ ಗೊತ್ತೇ ಆಗದಂತೆ ಮುಗಿದುಹೋಗುತ್ತವೆ.

ದಾರಿಯಲ್ಲಿ ತಿರುವುಗಳೂ ಇವೆ. ಡೈರೆಕ್ಟರಿಯೊಂದಕ್ಕೆ ಬೇರೊಂದು ವ್ಯವಸ್ಥೆಯನ್ನು ಜೋಡಿಸುವುದನ್ನು ಮೌಂಟ್ ಎನ್ನುತ್ತಾರೆ. ಅಲ್ಲಿಗೆ ಬಂದೊಡನೆ ಕರ್ನಲ್ ಸದ್ದಿಲ್ಲದೆ ಆ ಹೊಸ ವ್ಯವಸ್ಥೆಗೆ ದಾಟಿಕೊಳ್ಳುತ್ತದೆ. ನಿಮ್ಮ ಫೋಟೊದ ವಿಳಾಸದಲ್ಲಿ ‘ಎಮ್ಯುಲೇಟೆಡ್’ ಅಂಥ ಜಾಗ. ಆಂಡ್ರಾಯ್ಡ್ 11ರಿಂದೀಚೆಗೆ ಅಲ್ಲಿಂದ ಮುಂದಿನ ಪ್ರಶ್ನೆಗಳು ಫ್ಯೂಸ್ ಎಂಬ ವ್ಯವಸ್ಥೆಯ ಮೂಲಕ ಕರ್ನಲ್‌ನ ಹೊರಗಿರುವ ಒಂದು ಪ್ರೋಗ್ರಾಂಗೆ ಹೋಗುತ್ತವೆ. ಯಾವ ಆ್ಯಪ್ ಯಾವ ಫೋಟೊ ನೋಡಬಹುದೆಂದು ಅದು ತೀರ್ಮಾನಿಸುತ್ತದೆ. ಚಿತ್ರ ನಿಜವಾಗಿ ಇರುವುದು ‘ಡೇಟಾ’ ಎಂಬ ಬೇರೆಯದೇ ಜಾಗದಲ್ಲಿ. ಇನ್ನು ಸಿಂಬಾಲಿಕ್ ಲಿಂಕ್ ಎಂಬ ಕೊಂಡಿಗಳು ಒಂದಕ್ಕೊಂದು ಕೈ ತೋರಿಸುತ್ತಾ ಸುತ್ತುಹಾಕಿಸಬಹುದು. ಲಿನಕ್ಸ್ 40ರವರೆಗೆ ತಾಳುತ್ತದೆ, ಅದರಾಚೆ ದೋಷ ಎಂದು ಹೇಳಿ ಕೈಬಿಡುತ್ತದೆ. ವಿಳಾಸದ ನಡುವೆ ಎರಡು ಚುಕ್ಕಿ ತುರುಕಿ ಮೇಲಿನ ಡೈರೆಕ್ಟರಿಗೆ ಜಿಗಿದು ಬೇಲಿ ಹಾರುವ ಕಳ್ಳದಾರಿ ಹಳೆಯದು. ‘ಈ ಡೈರೆಕ್ಟರಿಯ ಆಚೆ ಕಾಲಿಡಬೇಡ’ ಎಂದು ಹುಡುಕಾಟದ ಹೊತ್ತಿನಲ್ಲೇ ಕರ್ನಲ್‌ಗೆ ಹೇಳುವ ಸೌಲಭ್ಯ 2020ರ 5.6ನೇ ಆವೃತ್ತಿಯಲ್ಲಿ ಬಂತು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಹುಡುಕುವ ಕರ್ನಲ್‌ಗೆ ಯಾವ ಭಾಷೆಯೂ ಬರುವುದಿಲ್ಲ. ಅದರ ಮಟ್ಟಿಗೆ ಹೆಸರೆಂದರೆ ಬೈಟ್‌ಗಳ ಸಾಲು, ಅಷ್ಟೆ. ಎರಡು ಬೈಟ್‌ಗಳಿಗೆ ಮಾತ್ರ ಹೆಸರಿನಲ್ಲಿ ಜಾಗವಿಲ್ಲ: ಓರೆಗೆರೆಯ ಸಂಕೇತವಾದ 47 ಮತ್ತು ಸಾಲಿನ ಕೊನೆ ಸೂಚಿಸುವ 0. ಕನ್ನಡದ ‘ಕ’ ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟ್. ಕನ್ನಡದ ಯಾವ ಅಕ್ಷರದ ಯಾವ ಬೈಟೂ 128ಕ್ಕಿಂತ ಕೆಳಗಿಲ್ಲ. ಹಾಗಾಗಿ ನಮ್ಮ ಅಕ್ಷರದ ಹೊಟ್ಟೆಯಲ್ಲಿ ಓರೆಗೆರೆ ಅಡಗಿ ಕೂತು ದಾರಿ ತಪ್ಪಿಸುವ ಪ್ರಮೇಯವೇ ಇಲ್ಲ. ಇದು ಕಾಕತಾಳೀಯವಲ್ಲ. 1992ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಯುಟಿಎಫ್-8ರ ವಿನ್ಯಾಸ ಮಾಡಿದವರು ಕೆನ್ ಥಾಂಪ್ಸನ್, ಜೊತೆಗಿದ್ದವರು ರಾಬ್ ಪೈಕ್. ಫೈಲ್ ವ್ಯವಸ್ಥೆ ಕೆಡದಂತೆ ಜಗತ್ತಿನ ಲಿಪಿಗಳೆಲ್ಲ ಅದರಲ್ಲಿ ಹಾದುಹೋಗಬೇಕೆಂಬುದು ಆ ಕೆಲಸಕ್ಕಿದ್ದ ಮುಖ್ಯ ಷರತ್ತು. ಐನೋಡ್ ಕೊಟ್ಟವರೇ, ಇಪ್ಪತ್ಮೂರು ವರ್ಷಗಳ ನಂತರ, ಅದರ ಮೇಲೆ ಕನ್ನಡದ ಹೆಸರಿಡಲು ದಾರಿಯನ್ನೂ ಮಾಡಿಕೊಟ್ಟರು.

ಆದರೆ ಭಾಷೆ ಬಾರದಿರುವುದಕ್ಕೆ ನಾವು ತೆರುವ ಬೆಲೆಯೂ ಇದೆ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್‌ನ ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ, ನಮಗೆ 85 ಸಂಕೇತ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಆರು ಸಂಕೇತ, 18 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೇರೆ ಬಗೆಯಲ್ಲಿ ಎಣಿಸುವುದರಿಂದ ಅಲ್ಲಿ ಕನ್ನಡಕ್ಕೂ 255 ಸಂಕೇತ ಸಿಗುತ್ತವೆ. ಅಲ್ಲಿ ಉದ್ದನೆಯ ಕನ್ನಡ ಶೀರ್ಷಿಕೆ ಇಟ್ಟ ಫೈಲು ಲಿನಕ್ಸ್‌ಗೆ ನಕಲಾಗದೆ, ಹೆಸರು ಉದ್ದವಾಯಿತೆಂದು ನಿಲ್ಲುವುದು ಇದೇ ಕಾರಣಕ್ಕೆ.

ಇದಕ್ಕಿಂತ ಕಾಡುವುದು ಜೋಡಿ ರೂಪಗಳು. ‘ಕೋಲಾರ’ ಎಂಬ ಹೆಸರಿನ ‘ಕೋ’ವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಕ’ ಮತ್ತು ಓಕಾರದ ಒಂದು ಸಂಕೇತ, ಇದು ಮೊದಲನೆಯದು. ‘ಕ’, ಎತ್ವ, ಊಕಾರದ ಕೊಂಬು, ಕೊನೆಗೆ ದೀರ್ಘ ಎಂದು ಬಿಡಿಬಿಡಿಯಾಗಿ ನಾಲ್ಕು ಸಂಕೇತ, ಇದು ಎರಡನೆಯದು. ಯೂನಿಕೋಡ್ ಇವೆರಡೂ ಸಮಾನ ಎನ್ನುತ್ತದೆ. ಒಳ್ಳೆಯ ಫಾಂಟ್ ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಬೈಟ್ ಎಣಿಸಿದರೆ ಮೊದಲ ‘ಕೋಲಾರ’ 15, ಎರಡನೆಯದು 21. ಕರ್ನಲ್ ನೋಡುವುದು ಬೈಟನ್ನೇ, ಆದ್ದರಿಂದ ಹ್ಯಾಶ್ ಬೇರೆ, ಡೆಂಟ್ರಿ ಬೇರೆ, ಫೈಲೂ ಬೇರೆ. ಒಂದೇ ಫೋಲ್ಡರ್‌ನಲ್ಲಿ ಎರಡು ‘ಕೋಲಾರ’ಗಳು ಅಕ್ಕಪಕ್ಕ ಇರಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲನ್ನು ಲಿನಕ್ಸ್‌ನಲ್ಲಿ ಕೀಬೋರ್ಡಿನಿಂದ ಹೆಸರು ಕುಟ್ಟಿ ತೆರೆಯಲು ಹೋದರೆ, ಕಣ್ಣೆದುರಿಗೇ ಇರುವ ಫೈಲು ಇಲ್ಲ ಎಂಬ ಉತ್ತರ ಬರುತ್ತದೆ. ಅಷ್ಟೇ ಅಲ್ಲ, ಆ ‘ಇಲ್ಲ’ ಕೂಡ ಒಂದು ನೆಗೆಟಿವ್ ಡೆಂಟ್ರಿಯಾಗಿ ಉಳಿಯುತ್ತದೆ. ಕೊ, ಕೋ, ಕೀ, ಕೇ, ಕೈ ಎಲ್ಲಕ್ಕೂ ಈ ಜೋಡಿ ರೂಪಗಳಿವೆ.

2019ರ ಜುಲೈಯಲ್ಲಿ ಬಂದ 5.2ನೇ ಕರ್ನಲ್ ಎಕ್ಸ್ಟ್4ಗೆ ಒಂದು ಐಚ್ಛಿಕ ಸೌಲಭ್ಯ ತಂದಿತು: ಗುರುತು ಮಾಡಿದ ಡೈರೆಕ್ಟರಿಗಳಲ್ಲಿ ಹೆಸರುಗಳನ್ನು ಯೂನಿಕೋಡ್ ನಿಯಮದಂತೆ ಸಮೀಕರಿಸಿ ಹೋಲಿಸುವುದು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಅಳಿಸುವುದಕ್ಕೆಂದು ಬಂದದ್ದಾದರೂ ನಮ್ಮ ಎರಡು ‘ಕೋಲಾರ’ಗಳನ್ನೂ ಅದು ಒಂದೆಂದೇ ಗುರುತಿಸುತ್ತದೆ. ಇಂಥ ಕೆಲಸ ಕರ್ನಲ್‌ನೊಳಗೆ ಬರುವುದು ಲಿನಸ್‌ಗೆ ಇಷ್ಟವಿಲ್ಲ, ಅದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಈ ವಿಷಯದಲ್ಲಿ ನಾನು ಅವರ ಪಕ್ಷ. ಭಾಷೆಯ ನಿಯಮ ಬೆಳೆಯುತ್ತಲೇ ಇರುತ್ತದೆ, ಯೂನಿಕೋಡ್ ಆವೃತ್ತಿಗಳು ಬರುತ್ತಲೇ ಇರುತ್ತವೆ. ಪ್ರತಿ ಹೆಜ್ಜೆಯೂ ನ್ಯಾನೊಸೆಕೆಂಡುಗಳಲ್ಲಿ ಮುಗಿಯಬೇಕಾದ ಜಾಗಕ್ಕೆ ಆ ಭಾರ ಹೊರಿಸುವುದು ಸರಿಯಲ್ಲ. ಕರ್ನಲ್ ಭಾಷೆ ಅರಿಯದೆ ಇರುವುದರಿಂದಲೇ ಯಾರ ಅಪ್ಪಣೆಯನ್ನೂ ಕಾಯದೆ ಕನ್ನಡದಲ್ಲಿ ಹೆಸರಿಡಲು ನಮಗೆ ಸಾಧ್ಯವಾಗಿದೆ.

ಹಾಗಾದರೆ ಹೊಣೆ ಮೇಲಿನ ಪದರದವರದು, ಅಂದರೆ ಕನ್ನಡ ತಂತ್ರಾಂಶ ಬರೆಯುವ ನಮ್ಮದು. ಕೀಬೋರ್ಡ್, ಲಿಪಿ ಪರಿವರ್ತಕ, ಗ್ರಂಥಾಲಯಗಳ ಡಿಜಿಟಲ್ ಸಂಗ್ರಹ, ಪತ್ರಿಕೆಗಳ ಆರ್ಕೈವ್ ಯಾವುದೇ ಕಟ್ಟುತ್ತಿರಲಿ, ಫೈಲಿಗೆ ಹೆಸರಿಡುವ ಮುನ್ನ ಅದನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಅದಕ್ಕೆ ಸಿದ್ಧ ಸೌಲಭ್ಯವಿದೆ, ಒಂದು ಸಾಲು ಬರೆದರೆ ಆಯಿತು. ಹೊರಗಿನಿಂದ ಬಂದ ಹೆಸರನ್ನು ಹುಡುಕುವಾಗ ಎರಡೂ ರೂಪಗಳಲ್ಲಿ ಹುಡುಕಿ. ಬಳಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಕನ್ನಡದ ಹೆಸರಿಟ್ಟರೆ ಫೈಲು ಕೆಡುತ್ತದೆಂಬ ಹಳೆಯ ಹೆದರಿಕೆ ಬಿಡಿ. ಅಜ್ಜಿಯ ಫೋಟೊಗೆ, ಮಗಳ ಪ್ರಬಂಧಕ್ಕೆ, ಮನೆಯ ಕಾಗದಪತ್ರಕ್ಕೆ ಕನ್ನಡದಲ್ಲೇ ಹೆಸರಿಡಿ.